ಎತ್ತರ ಬದಲಾಯಿಸೋ ಇನ್‌ಸೋಲ್ ಮಾಡ್ಬೇಕು, ಸ್ಕ್ರೂ ಇಡ್ಲಾ ಗಾಳಿ ತುಂಬಿಸ್ಲಾ?

ಪ್ರಶ್ನೆ: ನಾನು ದಾವಣಗೆರೆಯವನು, ಮೆಕ್ಯಾನಿಕಲ್ ಓದಿದೀನಿ, ಮನೇಲಿ ಒಂದು ತ್ರೀಡಿ ಪ್ರಿಂಟರ್ ಇದೆ. ಅಮ್ಮಂಗೆ 54 ವರ್ಷ, ಸ್ಟಾಫ್ ನರ್ಸ್, ದಿನಾ ಎಂಟು ಗಂಟೆ ನಿಂತೇ ಕೆಲಸ. ಎರಡು ವರ್ಷದಿಂದ ಎಡಗಾಲಿನ ಅಂಗಾಲು ಚಪ್ಪಟೆ ಆಗ್ತಾ ಬಂದಿದೆ, ನೋವೂ ಇದೆ. ಅಂಗಡಿಯಿಂದ ಆರ್ಚ್ ಸಪೋರ್ಟ್ ಇನ್‌ಸೋಲ್ ತಂದ್ರೆ ಕಲ್ಲು ತುಳಿದ ಹಾಗೆ ಒತ್ತುತ್ತೆ ಅಂತಾರೆ. ಎತ್ತರ ಹೆಚ್ಚು ಕಮ್ಮಿ ಮಾಡೋ ಹಾಗಿರೋದನ್ನ ನಾನೇ ಡಿಸೈನ್ ಮಾಡೋಣ ಅಂತಿದೀನಿ, ಚೆನ್ನಾಗಿ ಬಂದ್ರೆ ಮಾರೋ ಯೋಚನೇನೂ ಇದೆ. ಅಡಿಯಲ್ಲಿ ಸ್ಕ್ರೂ ಒಳ್ಳೇದಾ ಗಾಳಿ ಚೀಲ ಒಳ್ಳೇದಾ? ಎಷ್ಟು ಎಂಎಂ ರೇಂಜ್ ಬೇಕು, ಯಾವ ಮೆಟೀರಿಯಲ್?

ಉತ್ತರ: ಸ್ಕ್ರೂ ವಿಷಯ ಆಮೇಲೆ, ಮೊದಲು ಅಮ್ಮನ ಎಡಗಾಲು. ಚಿಕ್ಕಂದಿನಿಂದ ಎರಡೂ ಕಾಲು ಚಪ್ಪಟೆ ಇದ್ದು ನೋವು ಗೀವು ಏನೂ ಇಲ್ಲ ಅಂದ್ರೆ ಅಂಥೋರಿಗೆ ಏನೂ ಮಾಡೋದೇ ಬೇಡ, ಆರಾಮಾಗಿ ಓಡಾಡ್ಕೊಂಡು ಇರ್ತಾರೆ. ಆದ್ರೆ ಐವತ್ತು ದಾಟಿದ ಹೆಂಗಸು, ಒಂದೇ ಕಾಲು, ಅದೂ ಎರಡೇ ವರ್ಷದಲ್ಲಿ ಇಳಿದಿದೆ ಅಂತ ಓದಿದ ತಕ್ಷಣ ಕಾಲಿನ ಕೆಲಸ ಮಾಡೋ ಯಾರಿಗಾದ್ರೂ ಒಂದು ಸ್ನಾಯುರಜ್ಜು ನೆನಪಾಗುತ್ತೆ. ಟಿಬಿಯಾಲಿಸ್ ಪೋಸ್ಟೀರಿಯರ್ ಅಂತ, ಮೀನಖಂಡದ ಒಳಗಿಂದ ಹೊರಟು ಗಿಣ್ಣಿನ ಒಳಬದಿಯ ಮೂಳೆ ಹಿಂದೆ ತಿರುಗಿ ಅಂಗಾಲಿನ ಹಳ್ಳದ (ಆರ್ಚ್ ಅಂತಾರಲ್ಲ, ಅದು) ಮೇಲಿರೋ ನ್ಯಾವಿಕ್ಯುಲರ್ ಮೂಳೆಗೆ ಬಂದು ಹಿಡ್ಕೊಳುತ್ತೆ, ಹಳ್ಳವನ್ನ ಮೇಲೆ ಎಳೆದು ಇಟ್ಕೊಳೋ ಹಗ್ಗ ಅದೇ. ಅದು ಸವೆದು ಉದ್ದ ಆಗ್ತಾ ಹೋದ್ರೆ ಕಾಲು ನಿಧಾನಕ್ಕೆ ಕುಸಿಯುತ್ತೆ. ಗೋಡೆ ಹಿಡ್ಕೊಂಡು ಎಡಗಾಲು ಒಂದರ ಮೇಲೇ ತುದಿಗಾಲಲ್ಲಿ ನಿಲ್ಲೋಕೆ ಹೇಳಿ, ನೀವು ಹಿಂದೆ ಕೂತು ನೋಡಿ. ಹಿಮ್ಮಡಿ ಮೇಲೇಳ್ತಾ ಸ್ವಲ್ಪ ಒಳಗಡೆಗೆ ತಿರುಗಿ ಹಳ್ಳ ಮತ್ತೆ ಕಾಣಿಸ್ಕೊಂಡ್ರೆ ಸದ್ಯಕ್ಕೆ ಸಮಾಧಾನ. ಏಳೋಕೇ ಆಗ್ತಿಲ್ಲ, ಎದ್ರೂ ಹಿಮ್ಮಡಿ ಹೊರಗಡೆಗೇ ವಾಲ್ಕೊಂಡಿದೆ, ಸುಮ್ನೆ ನಿಂತಾಗ ಹಿಂದಿನಿಂದ ನೋಡಿದ್ರೆ ಬಲಗಾಲಿಗಿಂತ ಎಡಗಾಲಲ್ಲಿ ಜಾಸ್ತಿ ಬೆರಳು ಹೊರಗಡೆಗೆ ಇಣುಕ್ತಿವೆ ಅಂದ್ರೆ, ಪ್ರಿಂಟರ್ ಆಫ್ ಮಾಡಿ ಮೊದಲು ಮೂಳೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಶುರುವಲ್ಲಿ ಹಿಡಿದ್ರೆ ಬ್ರೇಸು, ಇನ್‌ಸೋಲು, ವ್ಯಾಯಾಮದಲ್ಲೇ ನಿಭಾಯಿಸ್ಬಹುದು, ಬಿಟ್ರೆ ಆಪರೇಷನ್ ತನಕ ಹೋಗುತ್ತೆ. ನರ್ಸ್ ಆಗಿರೋರೇ ತಮ್ಮ ಕಾಲನ್ನ ಕೊನೇಲಿ ತೋರಿಸ್ತಾರೆ, ಇದು ನಾನು ಬೇಕಾದಷ್ಟು ಸಲ ನೋಡಿರೋದು.

ಈಗ ಡಿಸೈನ್‌ಗೆ ಬರೋಣ. ನಿಮ್ಮ ಪ್ರಶ್ನೆ ಪೂರ್ತಿ ಎತ್ತರದ ಬಗ್ಗೆ ಇದೆ. ನಾನು ಮೊದಲು ಕೇಳೋದು ಜಾಗ ಎಲ್ಲಿ ಅಂತ. ಹಳ್ಳವನ್ನ ಕಲ್ಲಿನ ಸೇತುವೆ ಕಮಾನು ಅನ್ಕೊಂಡ್ರೆ ನಡುಮಧ್ಯೆ ಒಂದು ಕಂಬ ಕೊಡೋಣ ಅನ್ಸುತ್ತೆ, ಅಂಗಡಿ ಇನ್‌ಸೋಲ್‌ಗಳಲ್ಲಿ ತುಂಬಾ ಈ ಯೋಚನೆಯಿಂದಾನೇ ಹುಟ್ಟಿರೋದು. ಬಿಲ್ಲು ಅನ್ಕೊಂಡು ನೋಡಿ. ಪಾದದಲ್ಲಿರೋ 26 ಮೂಳೆಗಳಲ್ಲಿ ಹಿಮ್ಮಡಿಯಿಂದ ಮೊದಲ ಮೂರು ಬೆರಳಿನ ಬುಡದ ತನಕ ಸಾಲಾಗಿ ಜೋಡಿಸ್ಕೊಂಡಿರೋವು ಬಿಲ್ಲಿನ ಕೋಲು, ಅಡಿಯಲ್ಲಿ ಹಿಮ್ಮಡಿಯಿಂದ ಬೆರಳಿಗೆ ಎಳೆದು ಕಟ್ಟಿರೋ ಪ್ಲಾಂಟಾರ್ ಫೇಷಿಯಾ ಅದರ ಹೆದೆ. ಹೆಬ್ಬೆರಳನ್ನ ಮೇಲಕ್ಕೆ ಮಡಚಿದ್ರೆ ಹೆದೆ ಸುತ್ಕೊಂಡು ಬಿಗಿ ಆಗಿ ಬಿಲ್ಲು ತಾನಾಗೇ ಏಳುತ್ತೆ, ಬಾವಿ ರಾಟೆಗೆ ಹಗ್ಗ ಸುತ್ತಿದ ಹಾಗೆ. ಹಿಕ್ಸ್ ಅನ್ನೋರು 1954ರಲ್ಲೇ ಇದನ್ನ ವಿವರಿಸಿ ವಿಂಡ್‌ಲಾಸ್ ಅಂತ ಹೆಸರಿಟ್ರು. ಈಗ ಹೇಳಿ, ಬಿಗಿಯಾದ ಹೆದೆಯ ನಡುಮಧ್ಯಕ್ಕೆ ಅಡಿಯಿಂದ ಗಟ್ಟಿ ಗುಬಟು ಇಟ್ಟು ಒತ್ತಿದ್ರೆ ಏನಾಗುತ್ತೆ? ಅಮ್ಮ ಕಲ್ಲು ತುಳಿದ ಹಾಗೆ ಅಂದಿದ್ದು ಬಹುಶಃ ಅದನ್ನೇ. ಎತ್ತರ ಕಮ್ಮಿ ಮಾಡಿದ್ರೆ ಒತ್ತೋದು ಕಮ್ಮಿ ಆಗುತ್ತೆ ಹೌದು, ಜೊತೆಗೆ ಸಪೋರ್ಟೂ ಹೋಗುತ್ತೆ, ಆಮೇಲೆ ನಿಮ್ಮ ಅಡ್ಜಸ್ಟ್‌ಮೆಂಟ್ ಅನ್ನೋದು ನೋವಿಗೂ ನಿಷ್ಪ್ರಯೋಜಕಕ್ಕೂ ಮಧ್ಯೆ ಓಡಾಡೋ ಸ್ಕ್ರೂ ಆಗಿಬಿಡುತ್ತೆ ಅಷ್ಟೆ.

ಹಿಡೀಬೇಕಾಗಿರೋದು ಬಿಲ್ಲಿನ ಹಿಂಭಾಗ. ಗಿಣ್ಣಿನ ಒಳಬದಿ ಮೂಳೆಯಿಂದ ಒಂದು ಬೆರಳಗಲ ಕೆಳಗೆ ಒತ್ತಿ ನೋಡಿದ್ರೆ ಹಿಮ್ಮಡಿ ಮೂಳೆಯದೇ ಒಂದು ಚಿಕ್ಕ ಚಾಚು ಸಿಗುತ್ತೆ, ಗೋಡೆಗೆ ಹೊಡೆದ ಶೆಲ್ಫ್ ಥರ. ಅದರಿಂದ ನ್ಯಾವಿಕ್ಯುಲರ್ ತನಕದ ಜಾಗವೇ ಇನ್‌ಸೋಲಿನ ಅತಿ ಎತ್ತರದ ಭಾಗ ಇರ್ಬೇಕಾದದ್ದು, ಅದೂ ಒಳಅಂಚಿಗೆ, ಅಂಗಾಲಿನ ನಡುವೆ ಅಲ್ಲ. ಹೆದೆ ಹಾದು ಹೋಗೋ ಕಡೆ ಉದ್ದಕ್ಕೆ ಒಂದು ತೆಳು ತೋಡು ಬಿಡಿ, 8-10 ಎಂಎಂ ಅಗಲ, ಒಂದೂವರೆ ಎರಡು ಎಂಎಂ ಆಳ ಸಾಕು. ಅಮ್ಮನ ಹೆಬ್ಬೆರಳು ಮೇಲೆತ್ತಿದ್ರೆ ಆ ತಂತಿ ಚರ್ಮದಡಿ ಎದ್ದು ಕಾಣುತ್ತೆ, ಪೆನ್ನಲ್ಲಿ ಗುರುತು ಹಾಕ್ಕೊಳ್ಳಿ.

ಅದಕ್ಕೇ ನೀವು ಮಾಡೋ ಇನ್‌ಸೋಲಲ್ಲಿ ಮೇಲೆ ಕೆಳಗೆ ಆಗೋ ಅಡ್ಜಸ್ಟ್‌ಮೆಂಟ್‌ಗಿಂತ ಮುಂದೆ ಹಿಂದೆ ಆಗೋದು ಮುಖ್ಯ. ಒಂದೇ ಸೈಜಿನ ಶೂ ಹಾಕೋ ಇಬ್ಬರಿಗೆ ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗುಂಡಿನ ತನಕದ ಉದ್ದ ಒಂದೇ ಇರಲ್ಲ, ಒಬ್ಬರಿಗೆ ಬೆರಳು ಉದ್ದ, ಇನ್ನೊಬ್ಬರಿಗೆ ಪಾದವೇ ಉದ್ದ. ಹಳೇ ಶೂ ಅಂಗಡೀಲಿ ಇರ್ತಿದ್ದ ಆ ಲೋಹದ ಬ್ರ್ಯಾನಕ್ ಅಳತೆಹಲಗೆ ಇದ್ಯಲ್ಲ, ಅದರಲ್ಲಿ ಈ ಎರಡೂ ಅಳತೆ ಬೇರೆ ಬೇರೆ ತಗೋತಾರೆ, ನಾವು ಮಾತ್ರ ಬೆರಳ ತುದಿ ಒಂದನ್ನೇ ನೋಡಿ ಏಳು ಎಂಟು ಅಂತ ತಗೋತೀವಿ. ನಮ್ಮಲ್ಲಿ ಬಳಸೋ ಯುಕೆ ಸೈಜಲ್ಲಿ ಒಂದರಿಂದ ಒಂದಕ್ಕೆ ಸುಮಾರು 8.5 ಎಂಎಂ ವ್ಯತ್ಯಾಸ, ಹಾಗಾಗಿ ಪ್ಯಾಡು ಹಿಂದೆ ಮುಂದೆ ಐದೈದು ಎಂಎಂ ಸರಿಯೋ ಹಾಗಿದ್ರೆ ಒಂದು ಸೈಜಿನೊಳಗಿನ ವ್ಯತ್ಯಾಸ ಬಹುಪಾಲು ಮುಚ್ಚಿಹೋಗುತ್ತೆ. ಅಗಲದ್ದು ಇನ್ನೊಂದು ಗೋಳು. ಚೆನ್ನೈನ ಸಿಎಲ್‌ಆರ್‌ಐ ಅನ್ನೋ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದ ಲಕ್ಷಕ್ಕಿಂತ ಜಾಸ್ತಿ ಜನರ ಕಾಲು ಸ್ಕ್ಯಾನ್ ಮಾಡಿ ಭಾ ಅಂತ ನಮ್ಮದೇ ಸೈಜ್ ಪದ್ಧತಿ ಮಾಡೋಕೆ ಹೊರಟಿದ್ದಕ್ಕೆ ಕಾರಣವೇ ನಮ್ಮೋರ ಪಾದ ಆ ವಿದೇಶಿ ಅಳತೆಗಳಿಗಿಂತ ಅಗಲ ಅನ್ನೋದು, ಅಂತರ್ಜಾಲದಿಂದ ಯಾವ್ದೋ ಫೈಲ್ ಇಳಿಸ್ಕೊಂಡು ಉದ್ದ ಮಾತ್ರ ಸ್ಕೇಲ್ ಮಾಡಿ ಪ್ರಿಂಟ್ ಹೊಡೀಬೇಡಿ.

ಸರಿ, ಸ್ಕ್ರೂ. ನಾನೂ ಮಾಡಿದ್ದೆ, ಹತ್ತು ವರ್ಷದ ಹಿಂದೆ, ನಿಮ್ಮಷ್ಟೇ ಹುಮ್ಮಸ್ಸಲ್ಲಿ. 3 ಎಂಎಂ ಪಾಲಿಪ್ರಾಪಿಲೀನ್ ತಟ್ಟೆ, ಅಡಿಯಲ್ಲಿ ಎಂ4 ಸ್ಕ್ರೂ, ಪಕ್ಕದಿಂದ ಅಲೆನ್ ಕೀ ಹಾಕಿ ತಿರುಗಿಸೋದು. ಮೇಜಿನ ಮೇಲೆ ಇಟ್ಟಾಗ ಎಂಥ ಚೆಂದ ಕಾಣ್ತಿತ್ತು ಅಂತೀರಾ! ಮೂರು ವಾರಕ್ಕೆ ಮೊದಲನೇದು ತಾನಾಗೇ ಸಡಿಲ ಆಗಿ ಇಳಿದಿತ್ತು, ಯಾಕಂದ್ರೆ ಪ್ರತಿ ಹೆಜ್ಜೆಗೂ ಲೋಡ್ ಬಂದು ಹೋಗಿ ಬಂದು ಹೋಗಿ ಥ್ರೆಡ್ ಹಿಂದಕ್ಕೆ ತಿರುಗ್ತಾ ಇತ್ತು. ಲಾಕ್‌ನಟ್ ಹಾಕಿದ್ದಕ್ಕೆ ಬೆವರು ಧೂಳು ಸೇರಿ ಜಾಮ್ ಆಯ್ತು. ಎರಡನೇದು ಸ್ಕ್ರೂ ತಾಗೋ ಜಾಗದಲ್ಲೇ ನಕ್ಷತ್ರದ ಥರ ಸೀಳು ಬಿಡ್ತು, ಒಂದೇ ಬಿಂದುವಿಗೆ ಪೂರ್ತಿ ಭಾರ ಕೊಟ್ರೆ ಇನ್ನೇನಾಗುತ್ತೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಶೂ ಒಳಗೆ ಜಾಗ. ಸಾಮಾನ್ಯ ಶೂನಿಂದ ಅದರ ಇನ್‌ಸೋಲ್ ತೆಗೆದ್ರೆ ನಿಮಗೆ ಸಿಗೋದು ನಾಲ್ಕೈದು ಎಂಎಂ, ಅದರಲ್ಲಿ ಸ್ಕ್ರೂ, ನಟ್, ತಟ್ಟೆ, ಮೇಲ್ಹೊದಿಕೆ ಎಲ್ಲಾ ತುರುಕಿದ್ರೆ ಹಿಮ್ಮಡಿ ಶೂ ಇಂದ ಹೊರಗೆ ಬರುತ್ತೆ.

ಇನ್ನು ಕೆಲವರು ತಟ್ಟೆಯ ಎರಡು ತುದಿ ಹತ್ತಿರ ಎಳೆದು ಮಧ್ಯೆ ಉಬ್ಬಿಸೋ ಡಿಸೈನ್ ಮಾಡ್ತಾರೆ, ಬಿಲ್ಲಿಗೆ ಹೆದೆ ಬಿಗಿದ ಹಾಗೇನೇ, ಕಾಗದದ ಮೇಲೆ ಬಲು ಜಾಣತನದ್ದು. ನೀವು ಮೆಕ್ಯಾನಿಕಲ್ ಅಲ್ವಾ, ಲೆಕ್ಕ ಹಾಕಿ ನೋಡಿ. ಎರಡು ತುದಿ ಮಧ್ಯೆ 100 ಎಂಎಂ ಇದ್ರೆ 10 ಎಂಎಂ ಉಬ್ಬನ್ನ 15 ಮಾಡೋಕೆ ತುದಿ ಸರೀಬೇಕಾದದ್ದು ಮೂರು ಚಿಲ್ಲರೆ ಎಂಎಂ ಅಷ್ಟೆ, ಅಂದ್ರೆ ಎಳೆತದಲ್ಲಿ ಅರ್ಧ ಎಂಎಂ ಸಡಿಲ ಆದ್ರೂ ಎತ್ತರದಲ್ಲಿ ಚೆನ್ನಾಗೇ ಗೊತ್ತಾಗುತ್ತೆ. ತುದಿಗಳ ಮೇಲೆ ಬೀಳೋ ಒತ್ತಡವನ್ನೂ ನೋಡಿ, ಭಾರವನ್ನ ಉದ್ದದಿಂದ ಗುಣಿಸಿ ಎತ್ತರದ ಎಂಟರಷ್ಟರಿಂದ ಭಾಗಿಸಿದ್ರೆ ಸಿಗುತ್ತೆ: ಹಳ್ಳದ ಮೇಲೆ 200 ನ್ಯೂಟನ್ ಕೂತ್ರೆ, 12 ಎಂಎಂ ಎತ್ತರದಲ್ಲಿ 208 ನ್ಯೂಟನ್, 6 ಎಂಎಂಗೆ ಇಳಿಸಿದ್ರೆ 417. ಕಡಿಮೆ ಎತ್ತರ ಬೇಕು ಅನ್ನೋರಿಗೇ ಜಾಸ್ತಿ ಎಳೆತ. ನಮ್ಮ ಕಾಲಿನ ಹೆದೆ ಚಪ್ಪಟೆ ಆದಷ್ಟೂ ಯಾಕೆ ನೋಯುತ್ತೆ ಅನ್ನೋದಕ್ಕೂ ಒಂದು ಉತ್ತರ ಇದರಲ್ಲೇ ಇದೆ ಬಿಡಿ. ಅಷ್ಟು ಎಳೆತವನ್ನ ಪ್ರಿಂಟ್ ಮಾಡಿದ ಹಲ್ಲು ಗಿಲ್ಲು ತಡ್ಕೊಳಲ್ಲ.

ಗಾಳಿ ಚೀಲ ನೋಡೋಕೆ ಸುಲಭ. ರೀಬಾಕ್ 1989ರಲ್ಲೇ ಪಂಪ್ ಒತ್ತಿ ಗಾಳಿ ತುಂಬಿಸೋ ಶೂ ತಂದಿತ್ತು, ಆದ್ರೆ ಅಲ್ಲಿ ಗಾಳಿ ಇದ್ದಿದ್ದು ಶೂ ಕಾಲಿಗೆ ಬಿಗಿಯಾಗಿ ಕೂರಲಿ ಅಂತ. ಹಳ್ಳದ ಅಡಿ ಇಟ್ರೆ ಅದರ ಗುಣವೇ ಬೇರೆ: ಗಾಳಿಗೆ ಆಕಾರ ಇಲ್ಲ, ಒತ್ತಿದ ಕಡೆಯಿಂದ ಒತ್ತದ ಕಡೆಗೆ ಓಡುತ್ತೆ, ಒಳಗಡೆ ಹಿಡೀಬೇಕಾದ ಹೊತ್ತಲ್ಲಿ ಹೊರಗಡೆ ಉಬ್ಬಿರುತ್ತೆ. ಹಂಗಂತ ಪೂರ್ತಿ ಬಿಸಾಡ್ಬೇಡಿ, ಟ್ರಯಲ್‌ಗೆ ಬಹಳ ಒಳ್ಳೇದು. ಹಳೇ ಬಿಪಿ ಯಂತ್ರದ ಬಲ್ಬು, ಚಿಕ್ಕ ಚೀಲ ತಗೊಂಡು ಅಮ್ಮನ್ನ ನಿಲ್ಲಿಸಿ ನಿಧಾನಕ್ಕೆ ತುಂಬಿಸ್ತಾ, ಎಲ್ಲಿಗೆ ಹಾಯ್ ಅನ್ಸುತ್ತೆ ಕೇಳಿ, ಅಲ್ಲಿ ನಿಲ್ಲಿಸಿ ಎತ್ತರ ಅಳೆದು ಬರ್ಕೊಳ್ಳಿ, ಆ ಎತ್ತರವನ್ನ ಗಟ್ಟಿ ವಸ್ತುವಿನಲ್ಲಿ ಮಾಡಿ.

ಹಾಗಾದ್ರೆ ಏನು ಮಾಡೋದು? ಬೇಜಾರಾಗ್ಬೇಡಿ, ಉತ್ತರ ತುಂಬಾ ಸಪ್ಪೆ. ಒಂದು ಗಟ್ಟಿ ಚಿಪ್ಪು, ಅದರ ಅಡಿಗೆ ಕೂರೋ ಎರಡು ಎಂಎಂನ ಮೂರು ಪ್ಯಾಡು, ಮೇಲೊಂದು ಹೊದಿಕೆ. ಪ್ಯಾಡು ಚಿಪ್ಪಿನ ಅಡಿಗೇ ಇರ್ಬೇಕು, ಮೇಲಿಟ್ರೆ ಅದರ ಅಂಚು ಕಾಲಿಗೆ ಸಿಗುತ್ತೆ. ಚಿಪ್ಪಿಗೆ ಅಡಿಯಲ್ಲಿ ಐದು ಎಂಎಂ ಅಂತರಕ್ಕೆ ಮೂರು ಸಾಲು ತೂತು ಕೊಡಿ, ಪ್ಯಾಡಿಗೆ ಗುಬಟು, ಚಿಟಿಕೆ ಗುಂಡಿ ಹಾಕಿದ ಹಾಗೆ ಕೂರ್ಬೇಕು, ಸಣ್ಣ ಮಕ್ಕಳ ಬ್ಲಾಕ್ ಆಟಿಕೆ ಥರ. ಇದರಲ್ಲಿ ಒಂದು ಮಜಾ ಇದೆ, ಚಿಪ್ಪಿನ ಅಡಿ ಖಾಲಿ ಬಿಟ್ರೆ ಅದು ಸ್ಪ್ರಿಂಗ್ ಥರ ಬಾಗುತ್ತೆ, ತುಂಬಿಸಿದ್ರೆ ಬಾಗಲ್ಲ, ಅಂದ್ರೆ ಎತ್ತರ ಬದಲಾಯಿಸದೇನೇ ಬರೀ ಗಟ್ಟಿತನ ಬದಲಾಯಿಸ್ಬಹುದು. ಮೆತ್ತನೆ ಪ್ಯಾಡು, ಗಟ್ಟಿ ಪ್ಯಾಡು, ಪ್ಯಾಡೇ ಇಲ್ಲ ಅಂತ ಮೂರು ಆಯ್ಕೆ ಕೊಟ್ರೆ ಹೆಚ್ಚಿನವರು ಎತ್ತರದ ತಂಟೆಗೇ ಬರಲ್ಲ. ಬಿಲ್ಲು ಸ್ವಲ್ಪ ಆಡ್ಲೇಬೇಕು, ಓಡುವಾಗ ಒಂದು ಹೆಜ್ಜೇಲಿ ಬೀಳೋ ಶಕ್ತೀಲಿ ಸುಮಾರು 17 ಶೇಕಡಾ ಆ ಹಳ್ಳದಲ್ಲೇ ಉಳಿದು ವಾಪಸ್ ಸಿಗುತ್ತೆ ಅಂತ 1987ರಲ್ಲಿ ಕೆರ್, ಅಲೆಕ್ಸಾಂಡರ್ ಮತ್ತಿತರರು ಕತ್ತರಿಸಿ ತೆಗೆದ ಪಾದಗಳನ್ನ ಯಂತ್ರದಲ್ಲಿ ಒತ್ತಿ ನೋಡಿ ಲೆಕ್ಕ ಹಾಕಿದ್ರು. ಸಿಮೆಂಟ್ ಹಾಕಿದ ಹಾಗೆ ಗಟ್ಟಿಯಾಗಿ ತುಂಬಿಬಿಟ್ರೆ ಅಷ್ಟೂ ಹೋಯ್ತು.

ಮೆಟೀರಿಯಲ್ ಹೆಚ್ಚು ತಲೆ ಕೆಡಿಸ್ಕೋಬೇಡಿ. ಪ್ರಿಂಟರಲ್ಲಾದ್ರೆ 95ಎ ಟಿಪಿಯು (ರಬ್ಬರಿನ ಥರ ಬಾಗೋ ಪ್ಲಾಸ್ಟಿಕ್, 95ಎ ಅನ್ನೋದು ಅದರ ಗಟ್ಟಿತನ), ಚಿಪ್ಪು 2.5 ರಿಂದ 3 ಎಂಎಂ ಪೂರ್ತಿ ತುಂಬಿ, ಹಿಮ್ಮಡಿ ಬಟ್ಟಲು 14-15 ಎಂಎಂ ಆಳ. ಹಿಮ್ಮಡಿ ಸರಿಯಾಗಿ ಕೂರದೇ ಇದ್ರೆ ಮುಂದಿನ ಹಳ್ಳಕ್ಕೆ ಏನು ಮಾಡಿದ್ರೂ ವ್ಯರ್ಥ. ಹೊರಗಡೆಗೆ ವಾಲೋ ಹಿಮ್ಮಡಿಗೆ ಬಟ್ಟಲ ಅಡೀಲಿ ಓರೆ ಕೊಡ್ಬಹುದು, 60 ಎಂಎಂ ಅಗಲಕ್ಕೆ ಒಳಬದಿ ನಾಲ್ಕು ಎಂಎಂ ಏರಿಸಿದ್ರೆ ಸುಮಾರು ನಾಲ್ಕು ಡಿಗ್ರಿ, ಮೊದಲ ಸಲಕ್ಕೆ ಅದಕ್ಕಿಂತ ಮುಂದೆ ಹೋಗ್ಬೇಡಿ. ಪ್ಯಾಡಿಗೆ 45-50 ಶೋರ್ ಎ ಇರೋ ಇವಿಎ ಫೋಮ್ (ಶೋರ್ ಅಂದ್ರೆ ಗಟ್ಟಿತನದ ಅಳತೆ, ಅಂಕಿ ಜಾಸ್ತಿ ಆದಷ್ಟೂ ಗಟ್ಟಿ), ಅಂಚು ಉಜ್ಜಿ ಸೊನ್ನೆಗೆ ಇಳಿಸಿ. ಹೊದಿಕೆಗೆ 25-30 ಶೋರ್ ಇವಿಎ, ಅದು ತಿಂಗಳುಗಳಲ್ಲೇ ತುಳಿದು ತುಳಿದು ತೆಳ್ಳಗಾಗುತ್ತೆ, ಬದಲಾಯಿಸೋ ಹಾಗಿರ್ಲಿ. ಪಾಲಿಪ್ರಾಪಿಲೀನ್ ಶೀಟ್ ಬಿಸಿ ಮಾಡಿ ಬಗ್ಗಿಸೋದಾದ್ರೆ ಒಂದು ಎಚ್ಚರಿಕೆ, ಚಪ್ಪಲಿ ಅಂಗಡೀಲಿ ಬಳಸೋ ಸಿಂಥೆಟಿಕ್ ರಬ್ಬರ್ ಅಂಟು ಅದಕ್ಕೆ ನೆಟ್ಟಗೆ ಹಿಡಿಯಲ್ಲ, ಸ್ಯಾಂಡ್‌ಪೇಪರ್ ಹೊಡೆದು ಪ್ರೈಮರ್ ಹಾಕಿ, ಇಲ್ಲಾ ರಿವೆಟ್ ಹೊಡೀರಿ. ವೆಲ್‌ಕ್ರೋ ಹಚ್ಚೋಣ ಅನ್ನೋ ಯೋಚನೆ ಬರುತ್ತೆ, ನಮ್ಮ ಮಳೆಗಾಲದಲ್ಲಿ ಒದ್ದೆ ಸಾಕ್ಸಿನ ನೂಲು ತುಂಬ್ಕೊಂಡು ಒಂದು ತಿಂಗಳಿಗೆ ಸಾಯುತ್ತೆ.

ರೇಂಜ್ ಕೇಳಿದ್ರಿ. ಅಮ್ಮನ ನ್ಯಾವಿಕ್ಯುಲರ್ ಮೂಳೆ ಗುರುತು ಹಾಕಿ, ಕೂತಾಗ ನೆಲದಿಂದ ಎಷ್ಟು ಎತ್ತರ, ಎದ್ದು ನಿಂತಾಗ ಎಷ್ಟು ಅಂತ ಕಾರ್ಡಿನ ಮೇಲೆ ಗೆರೆ ಎಳೆದು ನೋಡಿ. ವ್ಯತ್ಯಾಸ 10 ಎಂಎಂ ದಾಟಿದ್ರೆ ಜಾಸ್ತಿ ಇಳೀತಿದೆ ಅಂತ ಸಾಮಾನ್ಯವಾಗಿ ತಗೋತೀವಿ. ಆ ಇಳಿತವನ್ನ ಪೂರ್ತಿ ವಾಪಸ್ ಎತ್ತೋಕೆ ಹೋಗ್ಬೇಡಿ, ಮೂರನೇ ಒಂದರಿಂದ ಅರ್ಧ ಸಾಕು, ಅದಕ್ಕೇ ಎರಡೆರಡು ಎಂಎಂನ ಮೂರು ಹಂತ ಅಂದಿದ್ದು. ಎರಡೂ ಕಾಲಿಗೆ ಬೇರೆ ಬೇರೆ ಅಳತೆ ಬಂದ್ರೆ ಬೇರೆ ಬೇರೇನೇ ಇರ್ಲಿ. ಮೊದಲ ದಿನ ಒಂದು ಗಂಟೆ, ದಿನಾ ಒಂದೊಂದು ಗಂಟೆ ಜಾಸ್ತಿ, ಒಂದು ಪ್ಯಾಡಲ್ಲಿ ಎರಡು ವಾರ ಕಳೆದ ಮೇಲೆ ಎರಡನೇದು. ನನ್ನ ಪ್ರಕಾರ ಅಡ್ಜಸ್ಟ್ ಆಗೋ ಇನ್‌ಸೋಲಿನ ನಿಜವಾದ ಉಪಯೋಗ ಇಷ್ಟೇ, ಕಾಲನ್ನ ನಿಧಾನಕ್ಕೆ ಒಗ್ಗಿಸೋದು. ಬಿಚ್ಚಿ ಅರ್ಧ ಗಂಟೆ ಆದ್ರೂ ಕೆಂಪು ಗುರುತು ಮಾಸದೇ ಇದ್ರೆ ಒಂದು ಹಂತ ಇಳಿಸಿ.

ಅಮ್ಮಂಗೆ ಶುಗರ್ ಇದ್ಯಾ ಅಂತ ನೀವು ಬರೆದಿಲ್ಲ. ಇದ್ರೆ ಮೇಲಿನದೆಲ್ಲಾ ಪಕ್ಕಕ್ಕಿಡಿ. ಪಾದದ ಸ್ಪರ್ಶ ಕಮ್ಮಿ ಆಗಿರೋರಿಗೆ ಒತ್ತಿದ್ದು ಗೊತ್ತೇ ಆಗಲ್ಲ, ಗುಬಟು ಸರಿದು ಹುಣ್ಣಾದ ಮೇಲೇ ತಿಳಿಯೋದು, 10 ಗ್ರಾಂ ಮಾನೋಫಿಲಮೆಂಟ್ ಅನ್ನೋ ನೈಲಾನ್ ಎಳೆಯಿಂದ ಡಾಕ್ಟ್ರು ಎರಡು ನಿಮಿಷದಲ್ಲಿ ನೋಡಿಬಿಡ್ತಾರೆ. ಅಂಥ ಕಾಲಿಗೆ ಗಟ್ಟಿ ಚಿಪ್ಪು ಬೇಡ, ಎಂಸಿಆರ್ ಅನ್ನೋ ಮೈಕ್ರೋಸೆಲ್ಯುಲರ್ ರಬ್ಬರ್, 15 ಶೋರ್ ಆಸುಪಾಸಿನ ಮೆತ್ತನೇದು. ಕುಷ್ಠರೋಗಿಗಳ ಮರಗಟ್ಟಿದ ಕಾಲಿಗೆ ಅಂತ ನಮ್ಮ ದೇಶದಲ್ಲಿ ಬಳಕೆಗೆ ಬಂದು ಆಮೇಲೆ ಶುಗರ್‌ನೋರಿಗೂ ಬಂದಿದ್ದು, ಚೆಂದ ಇಲ್ಲ, ಆದ್ರೆ ಕಾಲು ಉಳಿಸಿದೆ.

ಮಾರೋ ವಿಷಯ. ಮಾರೋ ಮೊದಲು ಆಯಸ್ಸು ಟೆಸ್ಟ್ ಮಾಡಿ. ದಿನಕ್ಕೆ 8000 ಹೆಜ್ಜೆ ಅಂದ್ರೆ ಒಂದು ಕಾಲಿಗೆ 4000, ತಿಂಗಳಿಗೆ 1.2 ಲಕ್ಷ. ವೈಪರ್ ಮೋಟರಿಗೆ ಒಂದು ಕ್ಯಾಮ್ ಹಾಕಿ ಸೆಕೆಂಡಿಗೊಂದು ಒತ್ತು ಕೊಟ್ರೆ 33 ಗಂಟೇಲಿ ಒಂದು ತಿಂಗಳು ಮುಗೀತು, ವಾರಾಂತ್ಯಕ್ಕೆ ಆನ್ ಮಾಡಿ ಹೋದ್ರೆ ಸೋಮವಾರಕ್ಕೆ ಗುಬಟು ಕಿತ್ತಿದ್ಯಾ ಇಲ್ವಾ ಗೊತ್ತಾಗುತ್ತೆ. ಪ್ರತಿಯೊಬ್ಬರಿಗೂ ಕಸ್ಟಮ್ ಅಂತ ದುಬಾರಿ ರೇಟ್ ಹಾಕೋ ಮುಂಚೆ ಒಂದು ಮಾತು, ಹಿಮ್ಮಡಿ ನೋವಿಗೆ ಅಳತೆ ಕೊಟ್ಟು ಮಾಡಿಸಿದ್ದೂ ರೆಡಿಮೇಡೂ ಹೋಲಿಸಿ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಬಂದ ಟ್ರಯಲಲ್ಲಿ ವರ್ಷ ಆಗೋ ಹೊತ್ತಿಗೆ ಎರಡಕ್ಕೂ ಹೇಳ್ಕೊಳೋ ವ್ಯತ್ಯಾಸ ಉಳಿದಿರ್ಲಿಲ್ಲ. ಹಾಗಾಗಿ ಮೂರು ಪ್ಯಾಡಿನ ರೆಡಿಮೇಡ್ ಕಿಟ್ ಮಾರೋದ್ರಲ್ಲಿ ಯಾವ ಅವಮಾನಾನೂ ಇಲ್ಲ. ಮಕ್ಕಳಿಗೆ ಅಂತ ಮಾತ್ರ ಮಾರ್ಬೇಡಿ ದಯವಿಟ್ಟು. ನಮ್ಮ ಕರಾವಳಿ ಕಡೆಯ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ರಾವ್ ಮತ್ತು ಜೋಸೆಫ್ ಅನ್ನೋ ಡಾಕ್ಟ್ರು 2300 ಮಕ್ಕಳ ಪಾದದಚ್ಚು ನೋಡಿ 1992ರಲ್ಲಿ ಬರೆದ ಪ್ರಕಾರ ಚಪ್ಪಲಿ ಶೂ ಹಾಕೋ ಮಕ್ಕಳಲ್ಲಿ ಚಪ್ಪಟೆ ಪಾದ 8.6 ಶೇಕಡಾ, ಬರಿಗಾಲಲ್ಲಿ ಓಡಾಡೋ ಮಕ್ಕಳಲ್ಲಿ 2.8, ಅದರಲ್ಲೂ ಬೆರಳು ಮುಚ್ಚೋ ಶೂ ಹಾಕೋರಲ್ಲಿ ಎಲ್ಲಕ್ಕಿಂತ ಜಾಸ್ತಿ. ಆರೇಳು ವರ್ಷದ ತನಕ ಮಗು ಕಾಲು ಚಪ್ಪಟೆ ಇರೋದು ಸಹಜ, ನೋವಿಲ್ಲ ಅಂದ್ರೆ ಅಂಗಳದಲ್ಲಿ ಆಡೋಕೆ ಬಿಟ್ರೆ ಸಾಕು.

ಇನ್ನೊಂದು, ನಮ್ಮ ಹೆಂಗಸರಲ್ಲಿ ಎಷ್ಟು ಜನ ಶೂ ಹಾಕ್ತಾರೆ? ಸ್ಯಾಂಡಲ್ಲು, ಬೆಲ್ಲಿ, ಹವಾಯಿ ಚಪ್ಪಲಿ. ಅದರಲ್ಲಿ ಇನ್‌ಸೋಲ್ ಕೂರಲ್ಲ, ಕೂತ್ರೂ ಹಿಂದಿಂದ ಜಾರುತ್ತೆ. ನೀವು ನಿಜವಾಗ್ಲೂ ಮಾರುಕಟ್ಟೆ ಹುಡುಕ್ತಾ ಇದ್ರೆ ಹಿಂದೆ ಪಟ್ಟಿ ಇರೋ ಸ್ಯಾಂಡಲಿನ ತಳದೊಳಗೇ ಈ ಪ್ಯಾಡಿನ ಗೂಡು ಮಾಡಿ, ಅಲ್ಲಿ ಎತ್ತರದ ಜಾಗಕ್ಕೂ ಬರ ಇಲ್ಲ, ಬೇಕಾದ್ರೆ 10 ಎಂಎಂ ತಗೊಳ್ಳಿ. ಡ್ಯೂಟಿ ಮುಗಿಸಿ ಬಂದು ಮನೇಲಿ ವಿಟ್ರಿಫೈಡ್ ಟೈಲ್ಸ್ ಮೇಲೆ ಬರಿಗಾಲಲ್ಲಿ ಮತ್ತೆ ನಾಲ್ಕು ಗಂಟೆ ಅಡುಗೆ ಮನೇಲಿ ನಿಲ್ಲೋ ಅಮ್ಮಂಗೂ ಅದನ್ನೇ ಮನೆಯೊಳಗಿನ ಚಪ್ಪಲಿ ಅಂತ ಕೊಡ್ಬಹುದು, ಒಳಗೆ ಚಪ್ಪಲಿ ಹಾಕೋಕೆ ಅವರು ಒಪ್ಪಿದ್ರೆ.

ಡ್ಯೂಟಿಗೆ ಮಾತ್ರ ಮೊದಲು ಶೂ ಬದಲಾಯಿಸಿ. ಒಳಗಿನ ಇನ್‌ಸೋಲ್ ಕಿತ್ತು ತೆಗೆಯೋಕೆ ಬರ್ಬೇಕು, ಹಿಮ್ಮಡಿ ಹಿಂದಿನ ಗೋಡೆ ಬೆರಳಲ್ಲಿ ಒತ್ತಿದ್ರೆ ಮಡಚ್ಕೋಬಾರದು, ಲೇಸ್ ಅಥವಾ ಪಟ್ಟಿ ಇರ್ಬೇಕು. ಅಂಗಡಿಗೆ ಸಂಜೆ ಹೊತ್ತು ಹೋಗಿ, ಕಾಲು ಊದಿರೋ ಹೊತ್ತದು, ನೀವು ಮಾಡಿದ ಚಿಪ್ಪು ಒಂದು ಪ್ಯಾಡ್ ಸಮೇತ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ ಶೂ ಒಳಗಿಟ್ಟೇ ಟ್ರಯಲ್ ನೋಡಿ. ಅದಕ್ಕೂ ಮುಂಚೆ ಆ ತುದಿಗಾಲಿನ ಪರೀಕ್ಷೆ ಮಾಡಿ, ಎರಡೂ ಕಾಲಿನ ಫೋಟೋ ಹಿಂದಿನಿಂದ ತೆಗೆದು ಇಟ್ಕೊಳ್ಳಿ, ಡಾಕ್ಟ್ರಿಗೆ ತೋರಿಸೋಕೆ ಬೇಕಾಗುತ್ತೆ.